ನಿಂತ ವಾಹನ ಕಲಿಸಿದ ತರ್ಕಪಾಠ

ನಮ್ಮ ಸೀಮೆಯ ಅನೇಕ ಮನೆಗಳಲ್ಲಿ, ಪಡಸಾಲೆಯ ಮೂಲೆಯಲ್ಲೋ ಕೊಟ್ಟಿಗೆಯ ಮಗ್ಗುಲಲ್ಲೋ, ಹಳೆಯ ಮೋಟಾರ್ ಸೈಕಲ್ಲೊಂದು ಗೋಣಿತಾಟು ಹೊದ್ದು ನಿಂತಿರುವುದನ್ನು ಓದುಗ ಬಂಧುಗಳು ಕಂಡಿರಬಹುದು. ಅದನ್ನು ಓಡಿಸಿದವರು ಇಂದು ವೃದ್ಧರಾಗಿದ್ದಾರೆ, ಇಲ್ಲವೆ ಲಿಂಗೈಕ್ಯರಾಗಿದ್ದಾರೆ. ಮಾರಲು ಮನಸ್ಸು ಬಾರದು. ಓಡಿಸೋಣವೆಂದರೆ ಅದು ಮಾತು ಕೇಳದು. ಎರಡು ಮೂರು ಬಾರಿ ರಿಪೇರಿಗೆ ಹಣ ಸುರಿದು, ಫಲ ಕಾಣದೆ, ಕಡೆಗೆ ಗುಜರಿಯವನನ್ನು ಕರೆಯುವುದು ವಾಡಿಕೆ. ನಮ್ಮ ಮನೆಯಲ್ಲಿಯೂ ಅಂತಹ ಪ್ರಸಂಗವೊಂದು ಒದಗಿತ್ತು. ಅದರಿಂದ ನಾವು ಯಂತ್ರವಿದ್ಯೆಗಿಂತ ಮಿಗಿಲಾಗಿ ವಿಚಾರಮಾಡುವ ಕ್ರಮವನ್ನು ಕಲಿತೆವಾದ ಕಾರಣ, ಅದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೈಸೂರಿನ ಕೂಸು

ಆ ವಾಹನ ಯೆಜ್ಡಿ. 1986ರಲ್ಲಿ ನಮ್ಮ ತಮ್ಮನವರು ಕೊಂಡದ್ದು. ಜಾವಾ, ಯೆಜ್ಡಿಗಳು ನಮ್ಮ ನಾಡಿನ ಕೈಗಾರಿಕೆಯ ಅಭಿಮಾನದ ಕುರುಹುಗಳು. ಜೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ತಯಾರಿಕೆಗೆ ತೊಡಗಿದರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ಆ ವಾಹನವನ್ನು ಭಾರತದಲ್ಲಿ ತಯಾರಿಸಲು ಮೈಸೂರಿನಲ್ಲಿ 1960ರ ಸುಮಾರಿಗೆ ಐಡಿಯಲ್ ಜಾವಾ ಕಾರ್ಖಾನೆ ನೆಲೆಗೊಂಡಿತು. 1970ರ ದಶಕದಲ್ಲಿ ಅಲ್ಲಿಂದ ಬಂದ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದುವಾದರೂ ಅವುಗಳ ಎಂಜಿನ್ನಿನ ರಚನೆಯೇ ಬೇರೆ. ಹಳೆಯದರ ರೋಗಕ್ಕೆ ಅವುಗಳ ಮದ್ದು ಸಲ್ಲದು.

ಹಳೆಯ ಯೆಜ್ಡಿಯದು ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ, 248.5 ಸಿ.ಸಿ. ಎಂಜಿನ್ನು. ಹೊಗೆ ಹೋಗಲು ಮಾತ್ರ ಎರಡು ಕೊಳವೆಗಳು. ಕಿಕ್ ಹೊಡೆಯುವ ಕೋಲೇ ಗೇರ್ ಬದಲಿಸುವ ಕೋಲೂ ಆಗಿರುವುದು ಅದರ ವೈಶಿಷ್ಟ್ಯ. ಮಧುಗಿರಿಯ ಬೆಟ್ಟದ ಬುಡದಿಂದ ನಮ್ಮ ತಮ್ಮನವರು ಅದನ್ನೇರಿ ಸಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳನ್ನೆಲ್ಲ ಸುತ್ತಿದವರು. 2019ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ವಾಹನ ನಾಲ್ಕು ವರ್ಷ ನಿಂತೇ ಇತ್ತು.

ಹಟ ಹಿಡಿದ ದೋಷ

2023ರಲ್ಲಿ ತಮ್ಮನ ಮಗ ಅದನ್ನು ಹೊರಗೆಳೆದ. ಟ್ಯಾಂಕಿಗೆ ಹೊಸ ಬಣ್ಣ ಬಳಿಸಿದ. ಪ್ಲಗ್, ಪಾಯಿಂಟ್, ಕಂಡೆನ್ಸರ್‌ಗಳನ್ನು ಹೊಸದಾಗಿ ಹಾಕಿಸಿದ. ವಾಹನ ಎರಡನೆಯ ಕಿಕ್ಕಿಗೇ ಎದ್ದಿತು. ಆದರೆ ಸುಮಾರು ಅರ್ಧ ಗಂಟೆ ಓಡಿದ ಮೇಲೆ ದಾರಿಯಲ್ಲಿ ಕೆಮ್ಮಿ ನಿಲ್ಲುವುದು. ಹತ್ತು ಹದಿನೈದು ನಿಮಿಷ ಕಾದರೆ ಏನೂ ಆಗದಂತೆ ಮತ್ತೆ ಹೊರಡುವುದು. ಗ್ಯಾರೇಜಿಗೆ ಒಯ್ದಾಗಲೆಲ್ಲ ನೆಟ್ಟಗೆ ಓಡುತ್ತಿತ್ತು. ಕಾರ್ಬ್ಯುರೇಟರ್ ಬದಲಾಯಿತು. ಬಳಿಕ, ಒತ್ತಡವೇ ಕಡಿಮೆಯಿರಬಹುದೆಂದು ನಾವೇ ಒತ್ತಾಯಿಸಿ ಸಿಲಿಂಡರಿಗೆ ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆವು. ದೋಷ ಕೂದಲೆಳೆಯಷ್ಟೂ ಕದಲಲಿಲ್ಲ. ಆಗ ತಮ್ಮನ ಪತ್ನಿ, "ಭಾವನವರೆ, ಅವರ ನೆನಪಿಗೆಂದು ಇಟ್ಟುಕೊಂಡದ್ದು ಸಾಕು. ಮಗ ಎಲ್ಲಿ ನಡುದಾರಿಯಲ್ಲಿ ನಿಂತನೋ ಎಂದು ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ. ಕೊಟ್ಟುಬಿಡಿ" ಎಂದರು. ಆ ತಾಯಿಯ ಮಾತು ನ್ಯಾಯವಾದದ್ದೇ. ನಾವು ಯುಗಾದಿ ಕಳೆದು ಒಂದು ತಿಂಗಳವರೆಗೆ ಗಡುವು ಬೇಡಿದೆವು.

ಮಠದ ಪಾಠಶಾಲೆಯಲ್ಲಿ ನಮಗೆ ಬಾಲ್ಯದಲ್ಲಿ ತರ್ಕಶಾಸ್ತ್ರದ ಮೊದಲ ಪಾಠಗಳಾಗಿದ್ದುವು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅಲ್ಲಿನ ಪ್ರಸಿದ್ಧ ದೃಷ್ಟಾಂತ. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಎರಡನ್ನೂ ನೋಡದೆ ಇದೇ ಕಾರಣವೆಂದು ನಿರ್ಣಯಿಸಲಾಗದು. ಇಷ್ಟು ದಿನ ನಾವು ಮಾಡಿದ್ದಾದರೂ ಏನು? ಊಹಿಸಿದೆವು, ಬದಲಿಸಿದೆವು, ಪರೀಕ್ಷಿಸಲೇ ಇಲ್ಲ. ಒಂದೇ ದಿನ ಮೂರು ಬಿಡಿಭಾಗ ಬದಲಿಸಿದರೆ ಗುಣವಾದರೂ ಯಾವುದರಿಂದಾಯಿತೆಂದು ತಿಳಿಯದು, ಕೆಟ್ಟರೂ ತಿಳಿಯದು. ಅಂದಿನಿಂದ ಒಂದು ನೋಟ್ ಪುಸ್ತಕವಿಟ್ಟೆವು. ಹೊರಟ ಹೊತ್ತು, ನಿಂತ ಸ್ಥಳ, ಬಿಸಿಲು, ಟ್ಯಾಂಕಿನಲ್ಲಿದ್ದ ಪೆಟ್ರೋಲು, ಎಲ್ಲವನ್ನೂ ಹುಡುಗ ಬರೆಯತೊಡಗಿದ.

ಎಂಜಿನ್ನು ಕೇಳುವುದೇನು?

ಇಂತಹ ಎಂಜಿನ್ನಿಗೆ ಬೇಕಾದವು ಮುಖ್ಯವಾಗಿ ಮೂರು: ಹದವಾಗಿ ಬೆರೆತ ಪೆಟ್ರೋಲು ಮತ್ತು ಗಾಳಿ, ಸಿಲಿಂಡರಿನಲ್ಲಿ ಒತ್ತಡ, ಸಕಾಲಕ್ಕೆ ಕಿಡಿ. ನಿಂತ ಎಂಜಿನ್ನಿನಲ್ಲಿ ಇವುಗಳಲ್ಲೊಂದು ತಪ್ಪಿರಲೇಬೇಕು. ಯಾವುದು ತಪ್ಪಿದೆಯೆಂದು ತಿಳಿಯಲು ದುಬಾರಿ ಸಲಕರಣೆ ಬೇಕಿಲ್ಲ. ಪ್ಲಗ್ ಬಿಚ್ಚುವ ಪಾನ ಒಂದಿದ್ದರೆ ಸಾಕು.

ವಾಹನ ನಿಂತ ಕೂಡಲೆ ಪ್ಲಗ್ ಬಿಚ್ಚಿ ನೋಡಬೇಕು. ಅದರ ತುದಿ ಒಣಗಿದ್ದರೆ ಪೆಟ್ರೋಲು ಒಳಗೆ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ತಲುಪಿದೆ, ಉರಿಯುತ್ತಿಲ್ಲ. ಅನಂತರ ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಲೋಹದ ಭಾಗ ಎಂಜಿನ್ನಿನ ಮೈಗೆ ತಾಗುವಂತಿಟ್ಟು, ಕೀಲಿ ತಿರುಗಿಸಿ ಕಿಕ್ ಹೊಡೆದರೆ ಕಿಡಿ ಕಾಣುತ್ತದೆ. ನೀಲಿ ಬಣ್ಣದ ದಪ್ಪ ಕಿಡಿ ಆರೋಗ್ಯದ ಲಕ್ಷಣ. ಹಳದಿಯ ತೆಳು ಕಿಡಿ ದೌರ್ಬಲ್ಯದ ಲಕ್ಷಣ. ಈ ಪರೀಕ್ಷೆ ಮಾಡುವಾಗ ಪ್ಲಗ್ಗನ್ನು ಸಿಲಿಂಡರಿನ ತೂತಿನಿಂದ ದೂರವಿಡತಕ್ಕದ್ದು. ಅಲ್ಲಿಂದ ಹೊರಬರುವ ಪೆಟ್ರೋಲಿನ ಆವಿಗೆ ಕಿಡಿ ತಗಲಿದರೆ ಬೆಂಕಿ ಹೊತ್ತೀತು. ಒತ್ತಡದ ವಿಷಯವನ್ನು ಕಾಲೇ ಹೇಳುತ್ತದೆ: ಕಿಕ್ಕಿನ ಕೋಲು ಸಲೀಸಾಗಿ ಕುಸಿಯದೆ ಎದುರೊತ್ತಿದರೆ ಒತ್ತಡವಿದೆಯೆಂದೇ ಅರ್ಥ. ನಮ್ಮ ವಾಹನದಲ್ಲಿ ಅದು ಮೊದಲಿನಿಂದಲೂ ಇತ್ತು. ಅಂದರೆ ಬೋರಿಂಗಿಗೆ ಕೊಟ್ಟ ಹಣ ನಮ್ಮ ಅವಿಚಾರಕ್ಕೆ ತೆತ್ತ ದಂಡ.

ಮೂರು ದಾರಿಗಳ ಸಾಕ್ಷ್ಯ

ನೋಟ್ ಪುಸ್ತಕ ಹದಿನೈದು ದಿನದಲ್ಲಿ ಮಾತನಾಡತೊಡಗಿತು. ಮಧುಗಿರಿಯಿಂದ ಕೊರಟಗೆರೆಗೆ ಹೋದಾಗ ವಾಹನ ಒಮ್ಮೆಯೂ ನಿಂತಿರಲಿಲ್ಲ. ಅದು ಹತ್ತಿರದ ದಾರಿ. ಸಿರಾ ಕಡೆಗೆ ಹೊರಟರೆ ಬಡವನಹಳ್ಳಿ ದಾಟುತ್ತಲೇ ನಿಲ್ಲುತ್ತಿತ್ತು. ಪಾವಗಡದ ಕಡೆಗಾದರೆ ಮಿಡಿಗೇಶಿ ತಲುಪುವ ಮೊದಲೇ ನಿಲ್ಲುತ್ತಿತ್ತು. ದೂರವೋ, ಹೊತ್ತೋ, ಕಾವೋ ಕಾರಣವಾಗಿರಬೇಕು. ಗ್ಯಾರೇಜಿನವರಿಗೆ ದೋಷ ಕಾಣದಿದ್ದುದೂ ಸಹಜವೇ: ಅವರು ಓಡಿಸಿ ನೋಡುತ್ತಿದ್ದುದು ಎರಡು ಫರ್ಲಾಂಗು ಮಾತ್ರ.

ಒಂದು ದಿನ ಬಡವನಹಳ್ಳಿಯಾಚೆ ವಾಹನ ನಿಂತಾಗ ಹುಡುಗ ಪ್ಲಗ್ ಬಿಚ್ಚಿದ: ಒಣಗಿತ್ತು. ಟ್ಯಾಂಕಿನ ಮುಚ್ಚಳ ತಿರುವಿದ: 'ಸುಸ್' ಎಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕಿನ ಪೆಟ್ರೋಲು ಇಳಿದಂತೆಲ್ಲ ಅದರ ಜಾಗಕ್ಕೆ ಗಾಳಿ ಬರಲು ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಬಣ್ಣ ಬಳಿದಾಗ ಅದು ಮುಚ್ಚಿಹೋಗಿತ್ತು. ಗಾಳಿ ಬಾರದೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲು ಇಳಿಯುವುದೇ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಕಾದರೆ ಸಂದಿಗಳಿಂದ ಗಾಳಿ ನುಸುಳಿ ಮತ್ತೆ ಇಳಿಯುತ್ತಿತ್ತು. ತೆಳು ತಂತಿಯಿಂದ ರಂಧ್ರ ಬಿಡಿಸಿದ. ಮರುದಿನ ಬೆಳಗಿನ ತಂಪಿನಲ್ಲಿ ವಾಹನ ಸಿರಾಕ್ಕೆ ಹೋಗಿ ನಿಲ್ಲದೆ ಮರಳಿತು. ಮನೆಯಲ್ಲಿ ಹೋಳಿಗೆಯ ಊಟವೂ ಆಯಿತು.

ಸಂಭ್ರಮ ಒಂದು ವಾರವಷ್ಟೇ ಉಳಿಯಿತು. ಏಪ್ರಿಲಿನ ನಡುಹಗಲು ಪಾವಗಡಕ್ಕೆ ಹೊರಟೆವು. ಆ ತಾಲ್ಲೂಕಿನ ಬಿಸಿಲಿನ ಬಗೆಗೆ ಹೆಚ್ಚು ಹೇಳಬೇಕಿಲ್ಲ. ತಿರುಮಣಿಯ ಬಳಿ 2019ರಲ್ಲಿ ಪೂರ್ಣಗೊಂಡ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಉದ್ಯಾನವೇ ಅದಕ್ಕೆ ಸಾಕ್ಷಿ. ಮಿಡಿಗೇಶಿ ಇನ್ನೂ ದೂರವಿರುವಾಗಲೇ ವಾಹನ ಹಿಂದಿನಂತೆಯೇ ಕೆಮ್ಮಿ ನಿಂತಿತು. ಹುಡುಗನ ಮುಖ ಬಾಡಿತು. "ದೊಡ್ಡಪ್ಪ, ಅಮ್ಮ ಹೇಳಿದ್ದೇ ಸರಿ" ಎಂದ. "ಪ್ಲಗ್ ಬಿಚ್ಚಿ ನೋಡಪ್ಪ, ಆಮೇಲೆ ಮಾತಾಡೋಣ" ಎಂದೆವು.

ಮುಚ್ಚಳ ತೆರೆದರೆ ಈ ಬಾರಿ ಸದ್ದಿಲ್ಲ. ಪ್ಲಗ್ ಒದ್ದೆಯಾಗಿತ್ತು. ಕಿಡಿ ನೋಡಿದರೆ ಹಳದಿ, ಕೂದಲೆಳೆಯಷ್ಟು. ಹುಣಸೆಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತು ಮತ್ತೆ ನೋಡಿದರೆ ನೀಲಿ ಕಿಡಿ! ಆಗ ನಮಗೆ ನಿಜಾಂಶ ಹೊಳೆಯಿತು. ದೋಷ ಒಂದಲ್ಲ, ಎರಡಿದ್ದುವು. ಎರಡರ ಲಕ್ಷಣವೂ ಒಂದೇ: ಅರ್ಧ ಗಂಟೆ ಓಡುವುದು, ನಿಲ್ಲುವುದು, ಕಾದರೆ ಹೊರಡುವುದು. ಒಂದನ್ನು ಸರಿಪಡಿಸಿದರೆ ಇನ್ನೊಂದು ಅದರ ಸ್ಥಾನದಲ್ಲಿ ನಿಂತು, ಮಾಡಿದ ಕೆಲಸವೇ ವ್ಯರ್ಥವೆಂಬ ಭ್ರಮೆ ಹುಟ್ಟಿಸುತ್ತಿತ್ತು. ಹಟಮಾರಿ ದೋಷವೆಂದು ನಾವು ಕರೆಯುವುದು ಅನೇಕ ವೇಳೆ ಒಂದರ ನೆರಳಿನಲ್ಲಿ ಅಡಗಿದ ಇನ್ನೊಂದು ದೋಷ.

ಹೊಸದೆಂಬ ಹೇತ್ವಾಭಾಸ

ಕಾವೇರಿದಾಗ ಕಿಡಿ ಕುಗ್ಗುವುದಕ್ಕೆ ಸಾಮಾನ್ಯವಾಗಿ ಇಬ್ಬರು ಆರೋಪಿಗಳು: ಇಗ್ನಿಷನ್ ಕಾಯಿಲ್ ಮತ್ತು ಕಂಡೆನ್ಸರ್. ಪಾಯಿಂಟುಗಳು ತೆರೆದುಕೊಳ್ಳುವ ಕ್ಷಣದಲ್ಲಿ ವಿದ್ಯುತ್ತು ಅವುಗಳ ನಡುವೆ ನೆಗೆಯಲು ಹವಣಿಸುತ್ತದೆ. ಕಂಡೆನ್ಸರ್ ಅದನ್ನು ತನ್ನೊಳಕ್ಕೆ ಸೆಳೆದುಕೊಂಡರೆ ಮಾತ್ರ ಕಾಯಿಲ್ಲಿನಲ್ಲಿ ಪ್ರವಾಹ ಥಟ್ಟನೆ ಕಡಿದು ಬಲವಾದ ಕಿಡಿ ಹುಟ್ಟುತ್ತದೆ. ಕಂಡೆನ್ಸರಿನ ಒಳ ಪದರ ದುರ್ಬಲವಾಗಿದ್ದರೆ ಎಂಜಿನ್ನಿನ ಕಾವಿಗೆ ಅದು ಸೋರತೊಡಗುತ್ತದೆ. ತಣಿದರೆ ಮತ್ತೆ ಸುಧಾರಿಸುತ್ತದೆ. ಎಂಜಿನ್ನಿನ ಬಲಗಡೆಯ ಮುಚ್ಚಳ ತೆಗೆದು ನೋಡಿದೆವು. ಹೊಸ ಪಾಯಿಂಟುಗಳ ಮುಖ ಆಗಲೇ ಸುಟ್ಟು ಕಪ್ಪಾಗಿತ್ತು. ಬೆರಳು ಕಂಡೆನ್ಸರಿನತ್ತ ತೋರಿತು.

"ಅದು ಹೊಸದಲ್ಲವೆ, ದೊಡ್ಡಪ್ಪ?" ಎಂದ ಹುಡುಗ. ನಾವೂ ಇಷ್ಟು ದಿನ ಹಾಗೆಂದೇ ಅದನ್ನು ಸಂಶಯದಿಂದ ಹೊರಗಿಟ್ಟಿದ್ದೆವು. ಹೊಸದು, ಆದುದರಿಂದ ನಿರ್ದೋಷವೆಂಬುದು ಹೇತುವಲ್ಲ, ಹೇತ್ವಾಭಾಸ. ಮೂಲ ಕಾರ್ಖಾನೆ ಮುಚ್ಚಿರುವಾಗ ಅಂಗಡಿಯಲ್ಲಿ ದೊರೆಯುವ ಬಿಡಿಭಾಗಗಳೆಲ್ಲ ಒಂದೇ ಗುಣಮಟ್ಟದವಾಗಿರಲಾರವು.

ತಮ್ಮನವರ ಬಿಸ್ಕತ್ತಿನ ಡಬ್ಬವೊಂದು ಅಟ್ಟದ ಮೇಲಿತ್ತು. ಅದರಲ್ಲಿ ಹಳೆಯ ಬಿಡಿಭಾಗಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಇಡುವುದು ಅವರ ಅಭ್ಯಾಸ. ಒಂದು ಪೊಟ್ಟಣದ ಮೇಲೆ 'ಕಂಡೆನ್ಸರ್, ಚೆನ್ನಾಗಿದೆ' ಎಂದಿತ್ತು. ಅದನ್ನು ಹಾಕಿ, ಪಾಯಿಂಟುಗಳನ್ನು ಉಜ್ಜಿ ಒರಸಿ, ನಡುವಿನ ಅಂತರವನ್ನು 0.4 ಮಿಲಿಮೀಟರಿಗೆ ಹೊಂದಿಸಿ, ಅದೇ ದಾರಿಯಲ್ಲಿ ಅದೇ ನಡುಹಗಲು ಹೊರಟೆವು. ಮಿಡಿಗೇಶಿ ದಾಟಿತು, ಪಾವಗಡ ಬಂದಿತು. ಇದು ಅನ್ವಯ. ಮನಸ್ಸು ಒಪ್ಪಲಿಲ್ಲ. ಮರುದಿನ ಸಂಶಯದ ಹೊಸ ಕಂಡೆನ್ಸರನ್ನೇ ಮತ್ತೆ ಹಾಕಿ ಹೊರಟರೆ ಹಿಂದಿನ ಜಾಗದ ಆಸುಪಾಸಿನಲ್ಲಿಯೇ ನಿಂತಿತು. ಹಳೆಯದನ್ನು ಅಲ್ಲಿಯೇ ಸೇರಿಸಿದೆವು, ಹೊರಟಿತು. ಇದು ವ್ಯತಿರೇಕ. ಈಗ ನಿರ್ಣಯವಾಯಿತು.

ಬೇರೆ ಲಕ್ಷಣಗಳು, ಎಚ್ಚರಿಕೆಗಳು

ಇಂತಹ ವಾಹನವಿರುವ ಬಂಧುಗಳಿಗೆ ಇನ್ನೆರಡು ಮಾತು. ಏರಿನಲ್ಲಿ ಶಕ್ತಿ ಸಾಲದೆ ಎಂಜಿನ್ನು ಉಸಿರುಕಟ್ಟಿದಂತಾದರೆ ಸೈಲೆನ್ಸರುಗಳ ಒಳಗೊಳವೆಯಲ್ಲಿ ಮಸಿ ಕಟ್ಟಿರಬಹುದು; ಬಿಚ್ಚಿ ಕೆರೆದು ತೆಗೆದರೆ ಹೊಸ ಜೀವ ಬರುತ್ತದೆ. ಬೆಳ್ಳನೆಯ ಹೊಗೆ ದಟ್ಟವಾಗಿ ಬಂದು ಗೇರಿನ ಎಣ್ಣೆ ಕಡಿಮೆಯಾಗುತ್ತಿದ್ದರೆ ಎಡಗಡೆಯ ಆಯಿಲ್ ಸೀಲ್ ಸವೆದಿದೆ. ಬಿಸಿಯಾದಾಗ ಎಂಜಿನ್ನು ತಾನೇ ತಾನಾಗಿ ವೇಗವೇರಿಸಿಕೊಂಡರೆ ಬಲಗಡೆಯ ಸೀಲಿನಿಂದ ಗಾಳಿ ನುಗ್ಗುತ್ತಿರಬಹುದು. ಸೀಲಿನ ಕೆಲಸ ಎಂಜಿನ್ನಿನ ಒಡಲಿಗೆ ಸಂಬಂಧಿಸಿದ್ದು. ಅದನ್ನು ನುರಿತ ಮೆಕ್ಯಾನಿಕ್‌ಗೇ ಒಪ್ಪಿಸುವುದು ಲೇಸು. ಪೆಟ್ರೋಲಿನೊಡನೆ ಎಣ್ಣೆ ಬೆರೆಸುವುದನ್ನು ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ; ಲೀಟರಿಗೆ 40 ಮಿಲಿಲೀಟರ್ ಬೆರೆಸುವುದು ರೂಢಿ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಸೇರಿರುತ್ತದೆ. ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಆದುದರಿಂದ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬ್ಯುರೇಟರುಗಳನ್ನು ಬರಿದುಮಾಡತಕ್ಕದ್ದು. ಟ್ಯಾಂಕು ತೆರೆದಾಗ ದೀಪ, ಬೀಡಿ, ಒಲೆ ಯಾವುದೂ ಬಳಿಯಲ್ಲಿರಕೂಡದು. 15 ವರ್ಷ ದಾಟಿದ ವಾಹನದ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸುವುದನ್ನೂ ಮರೆಯಬಾರದು.

ಗಡುವು ಮುಗಿಯುವ ಮುನ್ನಾದಿನ ಹುಡುಗ ತನ್ನ ತಾಯಿಯನ್ನು ಹಿಂದೆ ಕೂರಿಸಿಕೊಂಡು ಪಾವಗಡದ ನಂಟರ ಮನೆಗೆ ಹೋಗಿ ಸಂಜೆಯೊಳಗೆ ಮರಳಿದ. ಆಕೆ ಏನೂ ಹೇಳಲಿಲ್ಲ. ಅಟ್ಟದ ಡಬ್ಬವನ್ನು ಇಳಿಸಿ, ಒರಸಿ, ಕೈಗೆ ಎಟಕುವ ಗೂಡಿನಲ್ಲಿಟ್ಟರು. ಕೆಟ್ಟ ಕಂಡೆನ್ಸರನ್ನು ಹುಡುಗ ಬಿಸಾಡಲಿಲ್ಲ. ಕಾಗದದಲ್ಲಿ ಸುತ್ತಿ, ತಂದೆಯ ರೀತಿಯಲ್ಲಿಯೇ ಮೇಲೆ ಬರೆದ: 'ಹೊಸದು, ಕೆಟ್ಟದ್ದು.'

ಗುಜರಿಯವನನ್ನು ಕರೆಯುವ ಮುನ್ನ ಒಂದು ನೋಟ್ ಪುಸ್ತಕ ಕೊಳ್ಳಿರಿ. ಒಮ್ಮೆಗೆ ಒಂದನ್ನೇ ಬದಲಿಸಿರಿ. ಗುಣವಾಯಿತೆಂದಾಗ ಇನ್ನೊಮ್ಮೆ ಪರೀಕ್ಷಿಸಿರಿ. ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ.