ಕೂಸಿನ ಸೊಟ್ಟಪಾದಕ್ಕೂ ಗ್ರಹಣಕ್ಕೂ ನಂಟಿಲ್ಲ

ಬರಗೂರು, ಶಿರಾ, ಮಧುಗಿರಿ ಸೀಮೆಯಲ್ಲಿ ಪಾದ ಒಳಕ್ಕೆ ತಿರುಚಿಕೊಂಡ ಕೂಸು ಹುಟ್ಟಿತೆಂದರೆ ಮೊದಲ ವಿಚಾರಣೆ ಬಾಣಂತಿಯದೇ. ‘ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದೇನಮ್ಮ? ಈಳಿಗೆಮಣೆ ಮುಟ್ಟಿದ್ದಾ?’ ಅವಳು ಮುಟ್ಟಿರಲಿ ಬಿಡಲಿ, ಕೂಸಿನ ಕಾಲಿಗೆ ಅದರಿಂದ ಏನೂ ಆಗಿಲ್ಲ. ಗ್ರಹಣಕ್ಕೆ ಯಾರೂ ಹೆದರದ ದೇಶಗಳಲ್ಲೂ ಸುಮಾರು ಸಾವಿರ ಕೂಸುಗಳಲ್ಲಿ ಒಂದು ಸೊಟ್ಟಪಾದದೊಂದಿಗೆ ಹುಟ್ಟುತ್ತದೆ. ಗಂಡುಮಕ್ಕಳಲ್ಲಿ ಇದು ಹೆಣ್ಣುಮಕ್ಕಳಿಗಿಂತ ಎರಡು ಪಟ್ಟು ಹೆಚ್ಚು. ವಂಶವಾಹಿಗಳ ಪಾತ್ರವಿದೆ, ಆದರೆ ಬಹುತೇಕ ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ಬೊಟ್ಟುಮಾಡಲಾಗದು. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ಗ್ರಹಣ ಕೆಡಿಸುತ್ತದೆ ಎಂಬ ನಂಬಿಕೆಯ ಬೆನ್ನಿಗೇ ಗ್ರಹಣವೇ ವಾಸಿ ಮಾಡುತ್ತದೆ ಎಂಬುದೂ ಬರುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿದ್ದರು. ಆ ಹೆತ್ತವರು ಕ್ರೂರಿಗಳಲ್ಲ. ಸರಿಯಾದ ದಾರಿಯನ್ನು ಸಕಾಲದಲ್ಲಿ ಯಾರಾದರೂ ತೋರಿಸಬೇಕಿತ್ತು.

ಪಾವಗಡ, ಶಿರಾ ಕಡೆ ಬೋರ್‌ವೆಲ್ ನೀರಿನ ಮೇಲೂ ಅನುಮಾನ ಹುಟ್ಟುವುದು ಸಹಜ. ಫ್ಲೋರೈಡ್ ಮೂಳೆ ಬಾಗಿಸುವುದು ನಿಜವೇ, ಆದರೆ ಅದು ವರ್ಷಗಟ್ಟಲೆ ಆ ನೀರು ಕುಡಿದ ಮೇಲೆ. ಹುಟ್ಟುವಾಗಲೇ ಇರುವ ಸೊಟ್ಟಪಾದ ಬೇರೆಯೇ ಸಂಗತಿ.

‘ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತೆ’ ಎಂಬ ಮಾತು ಹೆಚ್ಚು ನಷ್ಟ ಮಾಡುತ್ತದೆ. ಹೊಟ್ಟೆಯೊಳಗೆ ಇಕ್ಕಟ್ಟಾಗಿ ಮಡಚಿಕೊಂಡಿದ್ದ ಮೆತ್ತನೆಯ ಪಾದ ತಾನಾಗಿಯೇ ನೆಟ್ಟಗಾಗಬಹುದು. ಅಜ್ಜಿ ನೀವಿದ್ದಕ್ಕೆ ಹಾಗಾಯಿತೆಂದು ಊರು ನಂಬುತ್ತದೆ. ಬಿಗಿದುಕೊಂಡ ಸೊಟ್ಟಪಾದ ಹಾಗೆ ಬಗ್ಗುವುದಿಲ್ಲ. ಯಾವುದು ಯಾವುದೆಂದು ವೈದ್ಯರೇ ಮುಟ್ಟಿ ನೋಡಿ ಹೇಳಬೇಕು.

ಬಿಗಿದ ಸೊಟ್ಟಪಾದಕ್ಕಿರುವ ಚಿಕಿತ್ಸೆಗೆ ಅಮೆರಿಕದ ಅಯೋವಾದಲ್ಲಿ ಅದನ್ನು ರೂಪಿಸಿದ ಇಗ್ನಾಸಿಯೋ ಪೊನ್ಸೆಟಿ ಅವರ ಹೆಸರೇ ಇದೆ. ವಾರಕ್ಕೊಮ್ಮೆ ಪಾದವನ್ನು ನಯವಾಗಿ ಸ್ವಲ್ಪ ಸ್ವಲ್ಪ ತಿರುಗಿಸಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಸಲ. ಆಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಒಂದು ಸಣ್ಣ ಕೊಯ್ತ, ಮತ್ತೆ ಮೂರು ವಾರ ಪ್ಲಾಸ್ಟರ್. ಹುಟ್ಟಿದ ಒಂದೆರಡು ವಾರದಲ್ಲಿ ಶುರುವಾದರೆ ಒಳ್ಳೆಯದು. ತಡವಾದ ಮಗುವನ್ನೂ ಕರೆದೊಯ್ಯಿರಿ, ಉಪಯೋಗವಿದೆ.

ಬಾಣಂತಿಮನೆಯ ದಿನಕ್ಕೊಂದು ಎಣ್ಣೆನೀರಿನ ಸ್ನಾನ ಪ್ಲಾಸ್ಟರ್ ಇರುವ ವಾರಗಳಲ್ಲಿ ನಿಲ್ಲಬೇಕು. ಪ್ಲಾಸ್ಟರ್ ನೆನೆಯಬಾರದು, ಒದ್ದೆಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಹೊರಗೆ ಇಣುಕುವ ಬೆರಳುಗಳನ್ನು ದಿನಕ್ಕೆ ಹಲವು ಸಲ ನೋಡಿ: ಒತ್ತಿ ಬಿಟ್ಟರೆ ಕೆಂಪು ಮರಳಬೇಕು. ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಊದಿದರೆ ಅಥವಾ ಒಳಕ್ಕೆ ಸರಿದುಹೋದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಈ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಹೆರಿಗೆಯಾದ ಆಸ್ಪತ್ರೆಯಲ್ಲೇ ಕೇಳಿ, ಇಲ್ಲವೇ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಕಾಲು ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಪಾದವಿದೆ, ಚಿಕಿತ್ಸೆ ಉಚಿತ.

‘ಕಾಲು ನೆಟ್ಟಗಾಯಿತಲ್ಲ, ಇನ್ಯಾಕೆ ಬೂಟು?’ ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಪ್ಲಾಸ್ಟರ್ ತೆಗೆದ ಮೇಲೆ, ನಡುವೆ ಸರಳು ಇರುವ ಜೋಡಿ ಬೂಟನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕಬೇಕು. ನಂತರ ನಾಲ್ಕೈದು ವರ್ಷ ತುಂಬುವತನಕ ಮಲಗುವಾಗ. ಮಗು ಮೊದಮೊದಲು ಅಳುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ. ಬೂಟು ಬಿಡಿಸಿದ ಮನೆಗಳಲ್ಲಿ ಪಾದ ಮತ್ತೆ ಒಳಕ್ಕೆ ತಿರುಗುವುದು ಬಹಳ. ಹಾಗೇನಾದರೂ ಕಂಡರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಮತ್ತೆ ಪ್ಲಾಸ್ಟರ್ ಹಾಕಿ ಸರಿಪಡಿಸಲು ಬರುತ್ತದೆ.