ಕೂಗಿಗೆ ತಡವರಿಸುವ ಹಾರ್ಡ್ ಡಿಸ್ಕ್

ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಕಂಪನದಿಂದ ಕಾಪಾಡಬೇಕಾದರೆ ಅದರ ಅಡಿಗೆ ಮೆತ್ತನೆಯದೇನಾದರೂ ಹಾಸಬೇಕು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ರಬ್ಬರ್ ಬಿಲ್ಲೆ, ಸ್ಪಂಜು, ಹಳೆಯ ಮೌಸ್ ಪ್ಯಾಡಿನ ತುಂಡು, ಎಲಾಸ್ಟಿಕ್ ಪಟ್ಟಿಯಲ್ಲಿ ಡಿಸ್ಕನ್ನು ತೂಗುಬಿಡುವ ಏರ್ಪಾಡು, ಇವೆಲ್ಲ ಹುಟ್ಟಿದ್ದು ಈ ತಿಳಿವಳಿಕೆಯಿಂದಲೇ. ಕೆಳಗೆ ಬೀಳಬಹುದಾದ ವಸ್ತುವಿಗೆ ಇದು ತಕ್ಕ ರಕ್ಷಣೆಯೇ ಹೌದು. ಆದರೆ ತಿರುಗುತ್ತಲೇ ಓದುವ, ತಿರುಗುತ್ತಲೇ ಬರೆಯುವ ಯಂತ್ರವನ್ನು ಕಾಡುವುದು ಏಟು ಮಾತ್ರವಲ್ಲ, ಕೈಗೆ ತಾಕದೆ ಕಿವಿಗಷ್ಟೇ ಬೀಳುವ ಸದ್ದು ಕೂಡ ಎಂಬುದನ್ನು ಮನಗಂಡ ಮೇಲೆ ಮೆತ್ತೆಯ ಮೇಲಿನ ಭರವಸೆ ಸಾಕಷ್ಟು ಕುಗ್ಗುತ್ತದೆ.

ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಸಂಗ್ರಾಹಕದಲ್ಲಿ 24 ಇಂಚು ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿದ್ದವು. ಮಾಹಿತಿಯನ್ನು ಬರೆಯುವ ವೃತ್ತಾಕಾರದ ಸಾಲಿಗೆ ಟ್ರ್ಯಾಕ್ ಎನ್ನುತ್ತಾರೆ. ಆ ಯಂತ್ರದಲ್ಲಿ ಇಂಚಿಗೆ 20 ಟ್ರ್ಯಾಕ್‌ಗಳಿದ್ದರೆ, ಇಂದಿನ ದೊಡ್ಡ ಸಾಮರ್ಥ್ಯದ ಡಿಸ್ಕುಗಳಲ್ಲಿ ಅದೇ ಒಂದು ಇಂಚಿನೊಳಗೆ ಲಕ್ಷಗಟ್ಟಲೆ ಟ್ರ್ಯಾಕ್‌ಗಳು ಅಡಗಿವೆ, ಒಂದರಿಂದ ಇನ್ನೊಂದಕ್ಕೆ ಇರುವ ದೂರ 100 ನ್ಯಾನೋಮೀಟರಿಗೂ ಕಡಿಮೆ. ಓದುವ ಬರೆಯುವ ಹೆಡ್ ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತ ಈ ಸಾಲುಗಳಲ್ಲಿ ಒಂದನ್ನು ಹಿಡಿದು ನಿಲ್ಲಬೇಕು.

ಇಂಥ ಯಂತ್ರ ಮನುಷ್ಯನ ಗಂಟಲಿಗೂ ಅಳುಕುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಆಸ್ಟ್ರೇಲಿಯಾ ಮೂಲದ ಎಂಜಿನಿಯರ್ ಬ್ರೆಂಡನ್ ಗ್ರೆಗ್. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದಾಗ ಅವರು ಮಾಡಿ ತೋರಿಸಿದ ಪ್ರಯೋಗವನ್ನು ಸಹೋದ್ಯೋಗಿ ಬ್ರಯಾನ್ ಕ್ಯಾಂಟ್ರಿಲ್ ಚಿತ್ರೀಕರಿಸಿದ್ದು, ಆ ಪುಟ್ಟ ವಿಡಿಯೊ 2008ರ ಡಿಸೆಂಬರ್ 31ರಂದು ಯೂಟ್ಯೂಬ್ ಸೇರಿತು. ಫ್ಯಾನುಗಳ ಭೋರ್ಗರೆತದ ನಡುವೆ ಸಾಲು ಸಾಲಾಗಿ ಡಿಸ್ಕುಗಳನ್ನು ಜೋಡಿಸಿದ ಪೆಟ್ಟಿಗೆಗಳೆದುರು ನಿಂತ ಗ್ರೆಗ್, ಬಾಯನ್ನು ಅವುಗಳ ಹತ್ತಿರಕ್ಕೊಯ್ದು ಗಂಟಲು ಕಟ್ಟುವಂತೆ ಕಿರುಚುತ್ತಾರೆ. ಆಮೇಲೆ ಪರದೆಯತ್ತ ತಿರುಗಿ, ಕಿರುಚಿದ ಗಳಿಗೆಯಲ್ಲಿ ಡಿಸ್ಕುಗಳ ವಿಳಂಬ ಹೇಗೆ ನೆಗೆದಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತಾರೆ. ವಿಳಂಬವೆಂದರೆ ಇಲ್ಲಿ ಓದು ಅಥವಾ ಬರಹದ ಆಜ್ಞೆ ಹೋಗಿ ಅದು ನೆರವೇರುವವರೆಗೆ ಹಿಡಿಯುವ ಸಮಯ.

ಇಷ್ಟು ಕಾಲವಾದರೂ ಈ ವಿಡಿಯೊ ಹಳತಾಗದಿರುವುದಕ್ಕೆ ಕಿರುಚಾಟದ ಮೋಜು ಕಾರಣವಲ್ಲ, ಅದರ ಹಿಂದಿರುವ ನಕ್ಷೆ ಕಾರಣ. ಅಡ್ಡಲಾಗಿ ಕಾಲ, ಲಂಬವಾಗಿ ವಿಳಂಬ, ಒಂದೊಂದು ಚುಕ್ಕಿಯ ಬಣ್ಣದ ಗಾಢತೆಯಲ್ಲಿ ಆ ಗಳಿಗೆಯ ಆಜ್ಞೆಗಳ ಸಂಖ್ಯೆ, ಹೀಗೆ ಮೂರು ಸಂಗತಿಗಳನ್ನು ಒಟ್ಟಿಗೆ ತೋರಿಸುವ ಆ ನಕ್ಷೆಯಲ್ಲಿ ಸಾಧಾರಣ ಆಜ್ಞೆಗಳೆಲ್ಲ ತಳದಲ್ಲಿ ದಟ್ಟವಾದ ಪಟ್ಟಿಯಾಗಿ ಹರಿಯುತ್ತವೆ, ಕೂಗಿಗೆ ಸಿಕ್ಕಿ ತಡವಾದ ಕೆಲವು ಮಾತ್ರ ಗುಂಪು ಬಿಟ್ಟು ಮೇಲಕ್ಕೆ ಹೋಗಿ ನಿಲ್ಲುತ್ತವೆ. ಸರಾಸರಿಯನ್ನಷ್ಟೇ ಲೆಕ್ಕ ಹಾಕಿದ್ದರೆ ಆ ಕೆಲವು ಆಜ್ಞೆಗಳು ಸಾವಿರಾರು ಸಹಜ ಆಜ್ಞೆಗಳ ನಡುವೆ ಕರಗಿಹೋಗಿ, ಡಿಸ್ಕು ಕೇಳಿಸಿಕೊಂಡಿತು ಎಂಬ ಸುಳಿವೇ ಸಿಗುತ್ತಿರಲಿಲ್ಲ. ಅಳೆಯುವ ಬಗೆಯನ್ನು ಬದಲಿಸಿದಾಗ ಯಂತ್ರದ ಸ್ವಭಾವವೇ ಬೇರೆಯಾಗಿ ಕಾಣತೊಡಗುತ್ತದೆ ಎಂಬುದಕ್ಕೆ ಇಷ್ಟು ಸರಳವೂ ಇಷ್ಟು ಸುಂದರವೂ ಆದ ನಿದರ್ಶನ ಕಂಪ್ಯೂಟರ್ ಲೋಕದಲ್ಲಿ ವಿರಳ.

ಕೂಗಿನಿಂದ ವಿಳಂಬ ಹುಟ್ಟುವ ಕ್ರಮವೂ ಸ್ವಾರಸ್ಯಕರವಾಗಿದೆ. ತಟ್ಟೆಯ ಮೇಲೆ ತಯಾರಿಕೆಯ ಹಂತದಲ್ಲೇ ಬರೆದಿಟ್ಟ ಸ್ಥಾನಸೂಚಕ ಗುರುತುಗಳನ್ನು ಹೆಡ್ ಪ್ರತಿ ಸುತ್ತಿನಲ್ಲೂ ಅನೇಕ ಬಾರಿ ಓದಿ, ದಾರಿ ತಪ್ಪಿದ್ದರೆ ತಿದ್ದಿಕೊಳ್ಳುತ್ತದೆ. ಈ ಸ್ವಯಂ ತಿದ್ದುಪಡಿಯ ವ್ಯವಸ್ಥೆಗೆ ಸರ್ವೊ ಎಂದು ಹೆಸರು. ನಿಧಾನವಾದ ತೂಗಾಟವನ್ನು ಸರ್ವೊ ಚೆನ್ನಾಗಿಯೇ ಹಿಂಬಾಲಿಸುತ್ತದೆ, ಆದರೆ ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ನಡುಗುವ ಕಂಪನದ ವೇಗಕ್ಕೆ ಅದು ಸೋಲುತ್ತದೆ, ಮನುಷ್ಯನ ಕೂಗಿನ ಶಕ್ತಿಯ ದೊಡ್ಡ ಪಾಲು ಇರುವುದೂ ಇದೇ ವಲಯದಲ್ಲಿ. ತಪ್ಪಾಗಿ ಬರೆದರೆ ಪಕ್ಕದ ಟ್ರ್ಯಾಕಿನ ಮಾಹಿತಿ ಅಳಿಸಿಹೋಗುವುದರಿಂದ ಡಿಸ್ಕು ಓದುವಾಗಿನದಕ್ಕಿಂತ ಬರೆಯುವಾಗ ಹೆಚ್ಚು ಎಚ್ಚರ ವಹಿಸಿ, ಹೆಡ್ ಸ್ವಲ್ಪ ಸರಿದರೂ ಬರಹವನ್ನು ನಿಲ್ಲಿಸಿ ಅದೇ ಜಾಗ ಮತ್ತೆ ಸುತ್ತಿ ಬರುವವರೆಗೆ ಕಾಯುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕಾಗುವುದರಿಂದ, ಹತ್ತು ಬಾರಿ ತಪ್ಪಿದ ಬರಹ 83 ಮಿಲಿಸೆಕೆಂಡ್ ತಡವಾಗುತ್ತದೆ. ಮಾಹಿತಿ ಕೆಡುವುದಿಲ್ಲ, ಕಂಪ್ಯೂಟರ್ ದೂರು ಹೇಳುವುದಿಲ್ಲ, ಯಂತ್ರ ಮಂದವಾಯಿತು ಎಂದಷ್ಟೇ ಮನೆಯವರಿಗೆ ಅನಿಸುತ್ತದೆ.

ಮುಂದಿನ ವರ್ಷಗಳ ಸಂಗತಿಗಳು ಗ್ರೆಗ್ ತೋರಿಸಿದ್ದನ್ನು ಇನ್ನಷ್ಟು ಗಟ್ಟಿಮಾಡಿದವು. 2016ರ ಸೆಪ್ಟೆಂಬರಿನಲ್ಲಿ ರುಮೇನಿಯಾದ ಬುಕಾರೆಸ್ಟ್ ನಗರದಲ್ಲಿ ಐಎನ್‌ಜಿ ಬ್ಯಾಂಕಿನ ದತ್ತಾಂಶ ಕೇಂದ್ರದೊಳಗೆ ಬೆಂಕಿ ನಂದಿಸುವ ಅನಿಲವನ್ನು ಪರೀಕ್ಷೆಗಾಗಿ ಬಿಟ್ಟಾಗ, ಅದು ಹೊರಚಿಮ್ಮಿದ ಸದ್ದಿಗೇ ಡಿಸ್ಕುಗಳು ಕೆಟ್ಟು ಬ್ಯಾಂಕಿನ ಸೇವೆಗಳು ಗಂಟೆಗಟ್ಟಲೆ ಸ್ಥಗಿತಗೊಂಡವು. 2018ರಲ್ಲಿ ಮಿಶಿಗನ್ ಮತ್ತು ಝೆಜಿಯಾಂಗ್ ವಿಶ್ವವಿದ್ಯಾಲಯಗಳ ಸಂಶೋಧಕರು ಹತ್ತಿರದ ಸ್ಪೀಕರಿನಿಂದ ಆಯ್ದ ಧ್ವನಿಯನ್ನು ಹೊರಡಿಸಿ ಸಿಸಿಟಿವಿ ದಾಖಲೆಯನ್ನೇ ನಿಲ್ಲಿಸಬಹುದು, ಲ್ಯಾಪ್‌ಟಾಪ್ ತನ್ನದೇ ಸ್ಪೀಕರಿನಿಂದ ಸ್ತಬ್ಧವಾಗುವಂತೆ ಮಾಡಬಹುದು ಎಂದು ತೋರಿಸಿಕೊಟ್ಟರು. ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2022ರಲ್ಲಿ ಹೊರಗೆಡವಿದ ಪ್ರಸಂಗದಲ್ಲಂತೂ ಜಾನೆಟ್ ಜಾಕ್ಸನ್ ಅವರ ‘ರಿದಮ್ ನೇಷನ್’ ಹಾಡು ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ 5,400 ಸುತ್ತಿನ ಡಿಸ್ಕುಗಳನ್ನು ಕುಸಿಯುವಂತೆ ಮಾಡುತ್ತಿತ್ತು, ಪಕ್ಕದಲ್ಲಿದ್ದ ಬೇರೆ ಲ್ಯಾಪ್‌ಟಾಪ್ ಕೂಡ ಅದೇ ಹಾಡಿಗೆ ನಿಂತುಹೋಗುತ್ತಿತ್ತು. ಹಾಡಿನಲ್ಲಿದ್ದ ಒಂದು ಆವೃತ್ತಿ, ಅಂದರೆ ಸೆಕೆಂಡಿಗೆ ಇಷ್ಟು ಸಲ ಎಂಬ ಕಂಪನದ ಲೆಕ್ಕ, ಡಿಸ್ಕಿನ ಸ್ವಾಭಾವಿಕ ಆವೃತ್ತಿಗೆ ಕೂಡಿಬಂದು ನಡುಕ ಬೆಳೆಯುತ್ತ ಹೋಗುವ ಈ ವಿದ್ಯಮಾನವೇ ಅನುರಣನೆ. ತಯಾರಕರು ಕೊನೆಗೆ ಆ ಆವೃತ್ತಿಯನ್ನೇ ಧ್ವನಿಯಿಂದ ಸೋಸಿ ತೆಗೆಯುವ ಏರ್ಪಾಡು ಮಾಡಿದರು.

ಮೆತ್ತೆಯ ಗುಣಾವಗುಣವೂ ಅನುರಣನೆಯ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ. ಭಾರಕ್ಕೆ ಮೆತ್ತೆ ಎಷ್ಟು ಕುಗ್ಗುತ್ತದೆ ಎಂಬುದರ ಮೇಲೆ ಅದರ ಸ್ವಾಭಾವಿಕ ಆವೃತ್ತಿ ನಿಂತಿದೆ: 1 ಮಿಲಿಮೀಟರ್ ಕುಗ್ಗಿದರೆ ಸುಮಾರು 16 ಹರ್ಟ್ಸ್, 4 ಮಿಲಿಮೀಟರ್ ಕುಗ್ಗಿದರೆ ಸುಮಾರು 8 ಹರ್ಟ್ಸ್. ಈ ಆವೃತ್ತಿಯ 1.4 ಪಟ್ಟಿಗಿಂತ ಮೇಲಿನ ಕಂಪನವನ್ನು ಮಾತ್ರ ಮೆತ್ತೆ ತಗ್ಗಿಸುತ್ತದೆ, ಅದಕ್ಕಿಂತ ಕೆಳಗಿನದನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ. ಬಟ್ಟೆ ಹಿಂಡುವಾಗ ನಿಮಿಷಕ್ಕೆ 950 ಸುತ್ತು ತಿರುಗುವ ವಾಷಿಂಗ್ ಮೆಷಿನ್ ಹೊಮ್ಮಿಸುವ ಕಂಪನ 16 ಹರ್ಟ್ಸಿನದು, ಆದ್ದರಿಂದ 1 ಮಿಲಿಮೀಟರ್ ಕುಗ್ಗುವ ರಬ್ಬರಿನ ಮೇಲಿಟ್ಟ ಪೆಟ್ಟಿಗೆ ಬರಿನೆಲದ ಮೇಲಿಟ್ಟದ್ದಕ್ಕಿಂತ ಹೆಚ್ಚು ತೂಗಾಡುತ್ತದೆ. ಕೈಯಿಂದ ಒತ್ತಿದರೂ ಕುಗ್ಗದ ಗಟ್ಟಿ ಪ್ಲಾಸ್ಟಿಕ್ಕಿನ ‘ಆ್ಯಂಟಿ ವೈಬ್ರೇಶನ್’ ಪಾದಗಳಾದರೋ ಹೆಸರಿಗೆ ಮಾತ್ರ.

ಡಿಸ್ಕನ್ನು ನೇರವಾಗಿ ಎಲಾಸ್ಟಿಕ್ಕಿನಲ್ಲಿ ತೂಗುಬಿಡುವುದರಿಂದ ಗುಂಯ್‌ಗುಡುವಿಕೆ ಕ್ಯಾಬಿನೆಟ್ಟಿಗೆ ದಾಟದೆ ಕೋಣೆ ಶಾಂತವಾಗುತ್ತದೆ ಎಂಬುದು ನಿಜ, ಆದರೆ ಆ ಲಾಭವೆಲ್ಲ ಮನುಷ್ಯನ ಕಿವಿಗೆ. ಹೆಡ್ಡನ್ನು ಹೊತ್ತ ತೋಳು ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಚಿಮ್ಮಿದಾಗ, ದೋಣಿಯಿಂದ ದಡಕ್ಕೆ ಹಾರಿದವನ ಕಾಲ ಕೆಳಗೆ ದೋಣಿ ಹಿಂದಕ್ಕೆ ಸರಿಯುವಂತೆ, ಸಡಿಲವಾಗಿ ತೂಗುವ ಡಿಸ್ಕಿನ ಒಡಲು ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳುತ್ತದೆ, ಗುರಿ ಮುಟ್ಟಿದ ಹೆಡ್ ನೆಲೆಗೊಳ್ಳಲು ಅಷ್ಟರಮಟ್ಟಿಗೆ ತಡವಾಗುತ್ತದೆ. ಈ ತಿರುಚು ಕಂಪನವೇ ಡಿಸ್ಕಿಗೆ ಎಲ್ಲಕ್ಕಿಂತ ತೊಂದರೆ ಕೊಡುವಂಥದು. ಹಲವು ಡಿಸ್ಕುಗಳ ಎನ್‌ಎಎಸ್ ಪೆಟ್ಟಿಗೆಗಳಲ್ಲಿ, ಅಂದರೆ ಮನೆಯವರೆಲ್ಲರ ಕಡತಗಳನ್ನು ನೆಟ್‌ವರ್ಕಿನ ಮೂಲಕ ಒದಗಿಸುವ ಸಂಗ್ರಾಹಕಗಳಲ್ಲಿ, ಒಂದರ ತಿರುಚು ಪಕ್ಕದ್ದಕ್ಕೆ ಹರಡುತ್ತದೆ. ತುಸುವೇ ಬೇರೆ ವೇಗದಲ್ಲಿ ತಿರುಗುವ ಎರಡು ಡಿಸ್ಕುಗಳ ಸದ್ದು ಅಲೆಅಲೆಯಾಗಿ ಏರಿ ಇಳಿಯುವುದು ಹತ್ತಿರ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಇಂಥ ಪೆಟ್ಟಿಗೆಗಳಿಗೆಂದು ಮಾರುವ ಹಲವು ಡಿಸ್ಕುಗಳಲ್ಲಿ ಆ ಕಂಪನವನ್ನು ಗ್ರಹಿಸಿ ಸರ್ವೊಗೆ ತಿಳಿಸುವ ಸಂವೇದಕಗಳಿರುವುದರಿಂದ ಅವುಗಳಿಗೆ ಕೊಡುವ ಹೆಚ್ಚಿನ ಬೆಲೆ ವ್ಯರ್ಥವಲ್ಲ.

ಆದ್ದರಿಂದ ಪೆಟ್ಟಿಗೆಯೊಳಗೆ ಬಿಗಿ, ಪೆಟ್ಟಿಗೆಯ ಹೊರಗೆ ಮೆತ್ತೆ ಎಂಬುದೇ ಸರಿಯಾದ ಕ್ರಮ, ಹೊರಗಿನ ಮೆತ್ತೆ ಕೂಡ ಪೆಟ್ಟಿಗೆಯ ತೂಕಕ್ಕೆ ಕಣ್ಣಿಗೆ ಕಾಣುವಷ್ಟು ಕುಗ್ಗಬೇಕು. ಕರ್ನಾಟಕದ ಅನೇಕ ಮನೆಗಳಲ್ಲಿ ಹಗಲಿರುಳು ದುಡಿಯುವ ಏಕೈಕ ಹಾರ್ಡ್ ಡಿಸ್ಕು ಸಿಸಿಟಿವಿಯ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯೊಳಗಿರುತ್ತದೆ. ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಎರಡನ್ನಷ್ಟೇ ಹಾಕಿ ಮುಚ್ಚಳ ಮುಚ್ಚುವ ಪದ್ಧತಿ ಅಪರೂಪವೇನಲ್ಲ, ಉಳಿದ ಎರಡನ್ನು ಬಿಗಿಗೊಳಿಸುವ ಕೆಲಸ ಯಾವ ದುಬಾರಿ ಮೆತ್ತೆಗಿಂತಲೂ ಹೆಚ್ಚು ಫಲ ಕೊಡುತ್ತದೆ. ಸದ್ದಡಗಿಸಲೆಂದು ಡಿವಿಆರನ್ನು ಸ್ಪಂಜಿನಲ್ಲಿ ಸುತ್ತಿ ಅಟ್ಟದ ಮೇಲಿಡುವುದಂತೂ ಕಂಪನದ ಭಯಕ್ಕೆ ಬಿಸಿಯನ್ನು ಬರಮಾಡಿಕೊಂಡಂತೆ, ಏಕೆಂದರೆ ಒಳಗೆ ಹುಟ್ಟುವ ಶಾಖ ಹೊರಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಇನ್ನು ಡಿಸ್ಕನ್ನು ಎತ್ತಿ ಸಾಗಿಸುವಾಗಿನ ಏಟಿನ ಮಾತು: ತಿರುಗುತ್ತಿರುವ ಡಿಸ್ಕಿಗಿಂತ ನಿಂತ ಡಿಸ್ಕು ಅನೇಕ ಪಟ್ಟು ಹೆಚ್ಚು ಏಟು ತಾಳುತ್ತದೆ. ಕರೆಂಟು ಹೋದ ಗಳಿಗೆಯಲ್ಲಿ ತಟ್ಟೆಗಳು ಇನ್ನೂ ತಿರುಗುತ್ತಿರುವ ರಭಸದಿಂದಲೇ ವಿದ್ಯುತ್ ಉತ್ಪಾದಿಸಿಕೊಂಡು ಹೆಡ್ಡುಗಳನ್ನು ಬದಿಯ ತಂಗುದಾಣಕ್ಕೆ ಸೇರಿಸುವ ಜಾಣ್ಮೆ ಇಂದಿನ ಡಿಸ್ಕುಗಳಿಗಿದೆ, ಆದರೂ ಆರಿಸಿದ ಕೂಡಲೇ ಎತ್ತದೆ ಅರ್ಧ ನಿಮಿಷ ಬಿಡುವುದು ಒಳ್ಳೆಯದು. ಇನ್ನೂ ತಿರುಗುತ್ತಿರುವ ಬಾಹ್ಯ ಡಿಸ್ಕನ್ನು ಕೈಯಲ್ಲಿ ಹಿಡಿದು ಹೊರಳಿಸಿದರೆ ಅದು ಹಟ ಹಿಡಿದಂತೆ ಪ್ರತಿರೋಧಿಸುವುದು ಬೆರಳಿಗೇ ತಿಳಿಯುತ್ತದೆ.

ಸ್ಥಳದ ಆಯ್ಕೆಯಲ್ಲಿ ಹಳೆಯ ಮನೆಗಳದೇ ಮೇಲುಗೈ. ಗೋಡೆಯೊಳಗೆ ಕೂರಿಸಿದ ಕಡಪಾ ಕಲ್ಲಿನ ಶೆಲ್ಫು ಭಾರವೂ ಬಿಗಿಯೂ ಆಗಿರುವುದರಿಂದ ಸುಲಭವಾಗಿ ನಡುಗುವುದಿಲ್ಲ. ಪ್ಲೈವುಡ್ಡಿನ ಟಿವಿ ಯೂನಿಟ್ಟಾದರೋ ಟೊಳ್ಳಾಗಿದ್ದು, ಅದರ ಮೇಲೆಯೇ ಕೂತಿರುವ ಹೋಮ್ ಥಿಯೇಟರಿನ ಸಬ್‌ವೂಫರ್ ಹೊಮ್ಮಿಸುವುದನ್ನೆಲ್ಲ ಹಲಗೆಯ ಮೂಲಕ ಡಿಸ್ಕಿಗೆ ತಲುಪಿಸುತ್ತದೆ. ಎರಡೂ ಒಂದೇ ಯೂನಿಟ್ಟಿನ ಮೇಲಿರುವ ಮನೆಯಲ್ಲಿ ದೊಡ್ಡ ಕಡತವೊಂದನ್ನು ನಕಲಿಗೆ ಹಚ್ಚಿ, ಹಾಡಿನ ಸದ್ದನ್ನು ಮೆಲ್ಲಗೆ ಏರಿಸುತ್ತ ಪರದೆಯ ಮೇಲೆ ನಕಲಿನ ವೇಗ ಇಳಿಯುತ್ತದೆಯೇ ಎಂದು ಗಮನಿಸಬೇಕು. ಇಳಿದರೆ ಮೊದಲು ಕದಲಬೇಕಾದದ್ದು ಸಬ್‌ವೂಫರ್, ಅದು ನೆಲಕ್ಕಿಳಿದ ಮೇಲೂ ವೇಗ ಸುಧಾರಿಸದಿದ್ದರೆ ಆಗ ಡಿಸ್ಕಿನ ಪೆಟ್ಟಿಗೆಯ ಸ್ಕ್ರೂಗಳನ್ನು ನೋಡಬೇಕು.