ಹಳೆಯ ಗಾಡಿ: ರಿಪೇರಿಯೋ, ಭಂಗಾರವೋ?



ನಮ್ಮ ಕನ್ನಡದಲ್ಲಿ ಬಂಗಾರ ಅಂದರೆ ಚಿನ್ನ. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ಎರಡೂ ಭಾಷೆ ಬಲ್ಲ ನಮಗೆ ಇದು ಹಳೆಯ ತಮಾಷೆ. ಆದರೆ 2025ರ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯ ಮಾರುತಿ 800 ಈ ಎರಡು ಶಬ್ದಗಳ ನಡುವೆ ಸಿಕ್ಕಿಕೊಂಡು ನಿಂತಾಗ ನನಗೆ ನಗು ಬರಲಿಲ್ಲ.

ಅದು 2001ರ ಗಾಡಿ. ನಾನು ಕೊಂಡದ್ದು 2012ರಲ್ಲಿ, ಸೆಕೆಂಡ್‌ಹ್ಯಾಂಡ್. ನಮ್ಮ ತಾಯಿಯವರಿಗೆ ಉಬ್ಬಸ. ಅಪರಾತ್ರಿಯಲ್ಲಿ ಮಾಧವನಗರದಿಂದ ಮಿರಜದ ಆಸ್ಪತ್ರೆಗೆ ಹೊರಡಬೇಕಾದರೆ ಅದೇ ಆಧಾರ. 2019ರ ಆಗಸ್ಟ್ ಮಹಾಪೂರದಲ್ಲಿ, ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದಾಗ, ಈ ಗಾಡಿ ಸಾಂಗಲಿಯ ಗಾವಭಾಗದಲ್ಲಿ ಬೀಗರ ಮನೆಯ ಮುಂದೆ ನೀರಿನಲ್ಲಿ ಮುಳುಗಿತ್ತು. ಇಂಜಿನ್ ಬಿಚ್ಚಿಸಿ, ತೊಳೆಸಿ, ಆಯಿಲ್ ಬದಲಿಸಿ ಮತ್ತೆ ಓಡಿಸಿದೆವು. ಗೆದ್ದೆವು ಅಂದುಕೊಂಡೆ. ನೀರು ಹೋಗಿತ್ತು, ಕೆಸರು ಒಳಗೇ ಉಳಿದಿತ್ತು.

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಾಗಿದರೆ ತುಕ್ಕು ಹಿಡಿಯುತ್ತದೆ. ಮರಾಠಿಯಲ್ಲಿ ಗಂಜ ಅನ್ನುವುದು ಇದನ್ನೇ. ನಮ್ಮ ಕಡೆಯ ಎರೆಮಣ್ಣು ಚಕ್ರದ ಮೇಲಿನ ಕಮಾನಿನಲ್ಲಿ, ಬಾಗಿಲ ಕೆಳಗಿನ ಪೊಳ್ಳಿನಲ್ಲಿ ಮೆತ್ತಿಕೊಂಡರೆ ದಿನಗಟ್ಟಲೆ ಹಸಿ ಹಿಡಿದಿಡುತ್ತದೆ. ನೀರು ಇಳಿದುಹೋಗಲೆಂದು ಬಿಟ್ಟ ಸಣ್ಣ ತೂತುಗಳೂ ಮುಚ್ಚಿಹೋಗುತ್ತವೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಬಣ್ಣ ಗುಳ್ಳೆ ಏಳುತ್ತದೆ. ಎಷ್ಟೋ ಸಲ ಹೊರಗೆ ಒಂದು ಗುಳ್ಳೆ ಕಾಣುವಷ್ಟರಲ್ಲಿ ಒಳಗಿನಿಂದ ಪತ್ರೆ ತೂತಾಗಿರುತ್ತದೆ.

ಇಲ್ಲಿ ಒಂದು ಭೇದ ತಿಳಿದಿರಬೇಕು. ಹಳೆಯ ಜೀಪಿಗೆ, ಲಾರಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಮೇಲಿನ ಪತ್ರೆ ಹರಿದರೂ ಭಾರ ಹೊರುವುದು ಚಾಸಿ. ಮಾರುತಿ 800ರಂಥ ಕಾರಿಗೆ ಹಾಗೆ ಬೇರೆ ಚಾಸಿ ಇಲ್ಲ. ತಳ, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಮುಂದಿನ ಶಾಕಪ್ ಬಂದು ಕೂಡುವ ಜಾಗ, ಇವೇ ಅದರ ಬೆನ್ನುಮೂಳೆ. ಬಾಗಿಲಿನ ಹೊರಮೈ, ಡಿಕ್ಕಿಯ ಅಂಚು ತುಕ್ಕು ಹಿಡಿದರೆ ಚೆಂದ ಕೆಡುತ್ತದೆ, ಅಷ್ಟೇ. ಬೆನ್ನುಮೂಳೆ ತುಕ್ಕು ಹಿಡಿದರೆ ಡಿಕ್ಕಿ ಹೊಡೆದ ದಿನ ಒಳಗಿದ್ದವರನ್ನು ಕಾಯಲು ಏನೂ ಉಳಿಯುವುದಿಲ್ಲ.

ನಮ್ಮ ಮಿಸ್ತ್ರಿ ಪರೀಕ್ಷೆ ಮಾಡಿದ ರೀತಿ ಹೇಳುತ್ತೇನೆ, ನೀವೂ ಮಾಡಿಸಬಹುದು. ಒಳಗಿನ ಮ್ಯಾಟ್ ಎತ್ತಿಸಿದ. ಬ್ಯಾಟರಿ ಕೂಡುವ ಜಾಗ ನೋಡಿದ. ಆಸಿಡ್ ಚೆಲ್ಲಿ ಅಲ್ಲಿ ಬೇಗ ತಿನ್ನುತ್ತದೆ. ಬ್ರೇಕಿನ ಕಬ್ಬಿಣದ ನಳಿಗೆಯ ಉದ್ದಕ್ಕೂ ಕೈ ಆಡಿಸಿದ. ಸ್ಕ್ರೂಡ್ರೈವರ್ ಹಿಡಿಕೆಯಿಂದ ತಳವನ್ನು ಬಡಿದ. ಗಟ್ಟಿ ಪತ್ರೆ ಖಣಖಣ ಅನ್ನುತ್ತದೆ, ತಿಂದ ಪತ್ರೆ ಮೆತ್ತಗೆ ದಬ್ ಅನ್ನುತ್ತದೆ. ಕೊನೆಗೆ ಜಾಕ್ ಹಚ್ಚಿದ. ಗಾಡಿ ಮೇಲೇಳಲಿಲ್ಲ, ಜಾಕೇ ಪಟ್ಟಿಯೊಳಗೆ ಹೊಕ್ಕಿತು.

“ಅಣ್ಣಾರ, ಇಂಜಿನ್ ಭೇಷ್ ಐತ್ರಿ. ಗಾಡೀನ ಉಳದಿಲ್ಲ,” ಅಂದ.

ಎರಡೂ ಬದಿ ಕತ್ತರಿಸಿ ಹೊಸ ಪತ್ರೆ ವೆಲ್ಡ್ ಮಾಡಲು 28 ಸಾವಿರ ಕೇಳಿದ. ಇಡೀ ಗಾಡಿ ಮಾರಿದರೂ 20 ಸಾವಿರ ಬರುತ್ತಿರಲಿಲ್ಲ. ಪುಟ್ಟಿ ತುಂಬಿ ಬಣ್ಣ ಹೊಡೆದರೆ 4 ಸಾವಿರದಲ್ಲಿ ಮುಗಿಯುತ್ತದೆ ಎಂದು ಇನ್ನೊಬ್ಬರು ಹೇಳಿದರು. ಅದು ಹುಳುಕು ಹಲ್ಲಿಗೆ ಸುಣ್ಣ ಬಳಿದ ಹಾಗೆ. ಮುಂದೆ ಕೊಳ್ಳುವವನಿಗೆ ಮೋಸ, ಕೂತವರಿಗೆ ಅಪಾಯ.

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆಯೇ ಲೆಕ್ಕ. ಮಹಾಪೂರದ ನಂತರ 60 ಸಾವಿರಕ್ಕೂ ಹೆಚ್ಚು ಸುರಿದಿದ್ದೇನೆ, ಈಗ ಬಿಟ್ಟರೆ ಅದೆಲ್ಲ ಹೋಯಿತಲ್ಲ! ರಾತ್ರಿ ವಹಿ ತೆಗೆದು ಕೂತಾಗ ಗೊತ್ತಾಯಿತು, ಅದು ಆಗಲೇ ಹೋದ ದುಡ್ಡು. ರಿಪೇರಿ ಮಾಡಿಸಿದರೂ ಬರುವುದಿಲ್ಲ. ಕೇಳಬೇಕಾದದ್ದು ಒಂದೇ: ಇನ್ನು ಮುಂದೆ ಹಾಕುವ ಪ್ರತಿ ರೂಪಾಯಿಗೆ ಈ ಗಾಡಿ ಎಷ್ಟು ದಿನ, ಎಷ್ಟು ಭದ್ರವಾಗಿ ಓಡೀತು? ಬೆನ್ನುಮೂಳೆ ಗಟ್ಟಿಯಿದ್ದು ಕ್ಲಚ್ಚೋ ರೇಡಿಯೇಟರೋ ಹೋಗಿದ್ದರೆ ನಾನು ಕಣ್ಣುಮುಚ್ಚಿ ಮಾಡಿಸುತ್ತಿದ್ದೆ.

ಕಾಗದಪತ್ರದ ಖರ್ಚೂ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ನಾನು ಕಟ್ಟಿದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ 10,000. ನನ್ನ ಸರದಿ 2026ಕ್ಕೆ ಬರುತ್ತಿತ್ತು.

ತಾಯಿಯವರಿಗೆ ಹೇಳುವುದೇ ಕಷ್ಟವಾಯಿತು. “ನಡುರಾತ್ರಿ ಉಸಿರು ಹತ್ತಿದರ ಏನು ಮಾಡ್ತಿಯಪಾ?” ಅಂದರು. ಅದಕ್ಕೆ ಉತ್ತರ ಸಿಗುವ ತನಕ ಗಾಡಿ ಬಿಡಬಾರದೆಂದು ನಾನೂ ಕಾಯ್ದೆ. ನಮ್ಮ ಓಣಿಯ ರಿಕ್ಷಾದವರೊಬ್ಬರು ಯಾವ ಹೊತ್ತಿಗೆ ಕರೆದರೂ ಬರುತ್ತೇನೆಂದು ಒಪ್ಪಿದ ಮೇಲೇ ಮುಂದುವರಿದೆ.

ಕೊಡುವಾಗ ಒಂದು ಎಚ್ಚರ. ರಸ್ತೆಬದಿಯ ಭಂಗಾರದವರಿಗೆ ಹಾಗೇ ಕೊಟ್ಟರೆ ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ; ಆ ನಂಬರು ಎಲ್ಲಿ ಯಾವ ಗಾಡಿಗೆ ಹತ್ತೀತೋ! ಸರಕಾರದ ನೋಂದಣಿ ಪಡೆದ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಿರಿ, ಆರ್‌ಟಿಓದಲ್ಲಿ ಆರ್‌ಸಿ ರದ್ದು ಮಾಡಿಸಿರಿ. ಹೊಸ ಗಾಡಿ ಕೊಂಡಾಗ ಆ ಪತ್ರ ತೋರಿಸಿದರೆ ತೆರಿಗೆಯಲ್ಲೂ ರಿಯಾಯಿತಿ ಉಂಟು.

ಬದಲಿಗೆ ಕಾಗವಾಡ, ಅಥಣಿ ಕಡೆಯಿಂದ ಅಗ್ಗದ ಗಾಡಿ ತರುವ ಆಸೆ ನನಗೂ ಇದೆ. ಆದರೆ ಕರ್ನಾಟಕದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ಎನ್‌ಓಸಿ ತಂದು, ಇಲ್ಲಿಯ ತೆರಿಗೆ ಕಟ್ಟಿ ಎಂಎಚ್ ನಂಬರು ಪಡೆಯಬೇಕು. ಅದನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂಡಬೇಕು. ಹೋಗುವಾಗ ಮಿಸ್ತ್ರಿಯನ್ನೂ ಅವನ ಜಾಕನ್ನೂ ಜೊತೆಗೆ ಕರೆದೊಯ್ಯುವವನಿದ್ದೇನೆ.